ಅಂಗೈಗೆ ಹೊಯ್ಯುವ ನೀರು

ಸಂಖ್ಯೆ ಇರಬೇಕಾದ ಜಾಗದಲ್ಲಿ ಎರಡು ಸಣ್ಣ ಗೆರೆಗಳಿದ್ದವು.

ಪಿಕುನ್ ಕೈಯಲ್ಲಿದ್ದ ಟಿಕೆಟ್ ಅರ್ಧದಲ್ಲೇ ನಿಂತಿತು. ಕಿಟಕಿಯಾಚೆ ಪ್ರಯಾಣಿಕ ಕೈ ಚಾಚಿಕೊಂಡೇ ಇದ್ದ. ಅವಳು ಮೊಬೈಲನ್ನು ಮುಖದ ಹತ್ತಿರ ಎಳೆದುಕೊಂಡಳು. ಬೆಳಗ್ಗೆ ಆರಕ್ಕೆ ಅರವತ್ತೆಂಟು ತೋರಿಸಿತ್ತು, ಎಂಟಕ್ಕೆ ಎಪ್ಪತ್ತೆರಡು. ಈಗ ಹತ್ತು ಗಂಟೆ ಹತ್ತು ನಿಮಿಷ. ಅವ್ವನ ಎದೆಬಡಿತದ ಜಾಗದಲ್ಲಿ ಒಂದು ಗೆರೆ, ಅದರ ಪಕ್ಕ ಇನ್ನೊಂದು ಗೆರೆ.

"ಅಕ್ಕಾ, ಬಸ್ಸು ಹೊರಟೋಗುತ್ತೆ!" ಎಂದ ಪ್ರಯಾಣಿಕ.

ಅವಳು ಟಿಕೆಟ್ ಕೊಟ್ಟಳು. ಚಿಲ್ಲರೆ ಕೊಟ್ಟಳೋ ಇಲ್ಲವೋ ನೆನಪಿಲ್ಲ. ಮತ್ತೆ ನೋಡಿದಳು, ಗೆರೆ.

ಜನವರಿಯಲ್ಲಿ ಬಾವಿಕಟ್ಟೆಯ ಹತ್ತಿರ ಅವ್ವ ಕಂಸಾಯ್ ಕುಸಿದು ಬಿದ್ದಿದ್ದಳು. ಎದೆ ನಡುನಡುವೆ ಬಡಿಯುವುದನ್ನು ಮರೆಯುತ್ತಿದೆ, ನಿಮಿಷಕ್ಕೆ ನಲವತ್ತಕ್ಕಿಂತ ಕೆಳಗಿಳಿದರೆ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಆ ವಾರವೇ ಪಿಕುನ್ ಈ ಸ್ಮಾರ್ಟ್‌ವಾಚ್ ತಂದು ಅವ್ವನ ಎಡಗೈಗೆ ಕಟ್ಟಿದ್ದಳು. ಒಳಗೆ ಅದರದೇ ಸಿಮ್ಮು. ಅಲ್ಲಿ ಎದೆ ಬಡಿದದ್ದು ಇಲ್ಲಿ ಇವಳ ಮೊಬೈಲಿನಲ್ಲಿ ಕಾಣುತ್ತಿತ್ತು. ಊರಿಗೂ ಬಸ್ ನಿಲ್ದಾಣಕ್ಕೂ ನಡುವೆ ಏಳು ಕಿಲೋಮೀಟರು. ಆ ಅಂತರವನ್ನು ಅವಳು ಮೂರು ತಿಂಗಳಿಂದ ಒಂದು ಸಂಖ್ಯೆಯ ಮೇಲೆ ದಾಟುತ್ತಿದ್ದಳು.

ಹಬ್ಬ ಹತ್ತಿರ ಬಂದಾಗಲಂತೂ ಅವಳ ಉಪದೇಶ ಜೋರಾಗಿತ್ತು. ಹೊಸ ವರ್ಷವೆಂದರೆ ಮೂರು ದಿನ ನೀರು, ಊರೆಲ್ಲ ನೀರು. "ಅವ್ವಾ, ಏನೇ ಆದ್ರೂ ಕೈಯಿಂದ ಬಿಚ್ಚಬೇಡ. ನೀರು ಮುಟ್ಟೋ ಮುಂಚೆ ಈ ಹನಿ ಚಿತ್ರ ಒತ್ತು, ಇಲ್ಲಾಂದ್ರೆ ನೀರಿನ ಹನಿಗಳೇ ಗುಂಡಿ ಒತ್ತಿಬಿಡ್ತವೆ. ಅತ್ತರಿನ ನೀರು, ಕೆನ್ನೆಗೆ ಬಳಿಯೋ ಬಿಳಿ ಪುಡಿ ಮೆತ್ಕೊಂಡ್ರೆ ಬರೀ ನೀರಲ್ಲಿ ತೊಳಿ." ಅತ್ತಿಗೆ ಸೆಂಗ್‌ದಾವ್‌ಗೂ ಬಿಟ್ಟಿರಲಿಲ್ಲ. ಹೋದ ವರ್ಷ ಅತ್ತಿಗೆಯ ಮೊಬೈಲು ಪೀಪಾಯಿಯಲ್ಲಿ ಮುಳುಗಿ ಸತ್ತಿತ್ತು. "ಈ ಸಲ ಎಲ್ಲರ ಮೊಬೈಲೂ ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿಡು ಅತ್ತಿಗೆ."

"ಇಷ್ಟೆಲ್ಲ ಹೇಳೋಳು ನೀನೇ ಬಂದು ಕೂತ್ಕೋಬಾರ್ದಾ?" ಎಂದಿದ್ದಳು ಅವ್ವ.

"ಡ್ಯೂಟಿ ಇದೆ ಅವ್ವಾ. ಸಾಯಂಕಾಲ ಬರ್ತೀನಿ."

"ಮೂರು ವರ್ಷದಿಂದ ಸಾಯಂಕಾಲ ಆಗ್ತಾನೇ ಇದೆ ನಿಂಗೆ. ಬದುಕಿರೋವಾಗ ನನ್ನ ಅಂಗೈಗೆ ನೀರು ಹಾಕೋಕೆ ಪುರುಸೊತ್ತಿಲ್ಲ. ಇರ್ಲಿ ಬಿಡು. ಸತ್ತ ದಿನ ಹೆಂಗೂ ಹಾಕಲೇಬೇಕಲ್ಲ, ಆವತ್ತು ರಜೆ ಕೊಡ್ತಾರೆ."

ಹಿರಿಯರ ಅಂಗೈಗೆ ಮಲ್ಲಿಗೆ ನೀರು ಹೊಯ್ದು ಆಶೀರ್ವಾದ ಕೇಳುವುದು ಹಬ್ಬದ ಮೊದಲ ಕೆಲಸ. ಸತ್ತವರ ಅಂಗೈಗೂ ಅದೇ ನೀರು, ಅದೇ ಬೆಳ್ಳಿ ಬಟ್ಟಲು. ಅವ್ವ ಆವತ್ತು ನಗುತ್ತಲೇ ಹೇಳಿದ್ದಳು. ಪಿಕುನ್‌ಗೆ ಈಗ ಆ ನಗು ನೆನಪಿಗೆ ಬರಲಿಲ್ಲ, ಮಾತು ಮಾತ್ರ ಬಂತು.

ಅವಳು ವಾಚಿಗೆ ಫೋನ್ ಮಾಡಿದಳು. ರಿಂಗಾಯಿತು. ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಅತ್ತಿಗೆಗೆ ಮಾಡಿದಳು, ಅಣ್ಣನಿಗೆ ಮಾಡಿದಳು. ಎಲ್ಲೋ ಅಕ್ಕಿಯೊಳಗೆ ಎರಡು ಫೋನುಗಳು ಉಸಿರುಕಟ್ಟಿ ಕೂಗುತ್ತಿದ್ದವು. ಹೂತಿಡಲು ಹೇಳಿದವಳು ತಾನೇ.

ಪಕ್ಕದ ಕಿಟಕಿಯ ಪ್ರಯೂನ್ ಮಾಮ ಕನ್ನಡಕದ ಮೇಲಿಂದ ನೋಡಿದ. "ಏನಾಯ್ತು? ಮುಖ ಯಾಕೆ ಬೆಂದನ್ನದ ಹಂಗೆ ಬಿಳಿಚಿದೆ?"

ಅವಳು ಮೊಬೈಲು ತೋರಿಸಿದಳು.

"ಹಬ್ಬ ಕಣಮ್ಮ. ಆ ಯಂತ್ರ ನೀರು ಕುಡಿದಿರುತ್ತೆ. ನಮ್ಮ ಭಾವಮೈದ ನೋಡು, ಎರಡು ದಿನದಿಂದ ಕುಡೀತಿದ್ದಾನೆ, ಅವನೂ ಫೋನ್ ಎತ್ತಲ್ಲ."

ಅವಳು ನಗಲಿಲ್ಲ. ಮಾಮ ಕನ್ನಡಕ ತೆಗೆದ. "ಹೋಗು ತಾಯಿ. ಎರಡು ಕಿಟಕೀನೂ ನಾನೇ ನೋಡ್ಕೋತೀನಿ. ಹೋಗು."

ಮೋಟಾರುಬೈಕು ನಿಲ್ದಾಣದ ಗೇಟು ದಾಟುವಷ್ಟರಲ್ಲೇ ಮೊದಲ ಪಾತ್ರೆ ನೀರು ಎದೆಗೆ ಅಪ್ಪಳಿಸಿತು. ಮಂಜುಗಡ್ಡೆ ಹಾಕಿದ ನೀರು. ರಸ್ತೆಯುದ್ದಕ್ಕೂ ಪಿಕಪ್ ಗಾಡಿಗಳು, ಗಾಡಿಗಳ ಮೇಲೆ ಪೀಪಾಯಿಗಳು, ಪೀಪಾಯಿಗಳ ಸುತ್ತ ಕುಣಿಯುವ ಹುಡುಗಿಯರು. ಇರುವೆಗೂ ಇವತ್ತು ದಾರಿ ಸಿಗುವಂತಿರಲಿಲ್ಲ. ಕೊರಳಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದೊಳಗಿಂದಲೇ ಮೊಬೈಲು ಒತ್ತಲು ನೋಡಿದಳು. ಒದ್ದೆ ಬೆರಳಿಗೆ ಅದು ಅಲುಗಲಿಲ್ಲ. ತೆರೆಯ ಮೇಲೆ ನೀರು ಇಳಿಯುತ್ತಿತ್ತು, ಅದರ ಕೆಳಗೆ ಅವೇ ಗೆರೆಗಳು.

"ದಾರಿ ಬಿಡ್ರಪ್ಪಾ! ಅರ್ಜೆಂಟು!"

"ಇವತ್ತು ಯಾರಿಗಕ್ಕಾ ಅರ್ಜೆಂಟು?" ಎಂದು ಒಬ್ಬಳು ಪೈಪು ತಿರುಗಿಸಿದಳು. ಒಬ್ಬ ಮುದುಕಿ ಬೈಕಿನ ಮುಂದೆಯೇ ನಿಂತು, ಇವಳ ಎರಡೂ ಕೆನ್ನೆಗೆ ಬಿಳಿ ಪುಡಿಯ ಲೇಪ ಸವರಿ, "ನೂರು ವರ್ಷ ಬಾಳು ತಾಯಿ" ಎಂದಳು. ಹರಸುವ ಕೈಯನ್ನು ತಳ್ಳುವುದುಂಟೇ? ಪಿಕುನ್ ಕೈ ಮುಗಿದಳು.

ಸೇತುವೆಯ ಹತ್ತಿರ ಗಾಡಿಗಳು ಪೂರಾ ಕಚ್ಚಿಕೊಂಡಿದ್ದವು. ಹೂವಿನ ಅಂಗಿ ತೊಟ್ಟ ದಪ್ಪ ಗಂಡಸೊಬ್ಬ ದಾರಿಗಡ್ಡ ನಿಂತು ಪೈಪು ಹಿಡಿದು ಹಾಡುತ್ತಿದ್ದ.

"ಅಣ್ಣಾ ಬಿಡಣ್ಣಾ!"

"ಒಂದು ಕುಣಿತ ಕುಣಿ, ಬಿಡ್ತೀನಿ!"

"ನಮ್ಮವ್ವನ ಎದೆ ನಿಂತೋಗಿದೆ ಅಣ್ಣಾ!"

ಅಲ್ಲಿಯವರೆಗೆ ಅವಳು ಅದನ್ನು ಮನಸ್ಸಿನೊಳಗೂ ಹೇಳಿಕೊಂಡಿರಲಿಲ್ಲ.

ಆತನ ಕೈಯಿಂದ ಪೈಪು ಜಾರಿತು. ಅದು ನೆಲದ ಮೇಲೆ ಹಾವಿನಂತೆ ಹೊರಳಾಡಿತು. ಆತ ತಿರುಗಿ, "ಹಾಡು ನಿಲ್ಸಿ! ಗಾಡಿ ಹಿಂದಕ್ಕೆ! ಇವರ ತಾಯಿ ಹೋಗಿದ್ದಾರಂತೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಹಾಡು ನಿಂತಿತು. ಪಾತ್ರೆಗಳು ಕೆಳಗಿಳಿದವು. ಜನ ಎರಡೂ ಬದಿಗೆ ಸರಿದರು. ಕುಣಿಯುತ್ತಿದ್ದ ಹುಡುಗಿಯೊಬ್ಬಳು ಕೈ ಮುಗಿದು ತಲೆ ಬಾಗಿಸಿದಳು.

ಹೋಗಿಲ್ಲ, ಹಾಗೆ ಹೇಳಲಿಲ್ಲ ನಾನು ಎಂದು ಕೂಗಬೇಕೆನಿಸಿತು. ಬೈಕು ಮುಂದಕ್ಕೆ ಓಡಿಸಿದಳು. ಹೆಣದ ಗಾಡಿಗೆ ಬಿಡುವ ದಾರಿಯದು. ಅದರ ನಡುವೆ ಅವಳ ಬೈಕಿನ ಸದ್ದೊಂದೇ ಕೇಳುತ್ತ ಹೋಯಿತು. ಅಷ್ಟು ಹೊತ್ತಿನ ಗದ್ದಲವೇ ವಾಸಿಯಿತ್ತು.

ಸೇತುವೆಯಾಚೆ ರಸ್ತೆ ಖಾಲಿ. ಊರಿನ ತಿರುವಿನಲ್ಲಿ ಮಕ್ಕಳೂ ಇರಲಿಲ್ಲ. ಎಲ್ಲಿ ಹೋದರು ಇವರೆಲ್ಲ? ಮನೆಯ ಬೇಲಿಯ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಮಾತಿಲ್ಲ, ನಗೆಯಿಲ್ಲ.

ಬೇಲಿಯ ಸಂದಿಯಿಂದ ಅವಳಿಗೆ ಕಂಡದ್ದು ಬೆನ್ನುಗಳು. ಅಂಗಳದ ಚಾಪೆಯ ಮೇಲೆ ನೆಂಟರಿಷ್ಟರೆಲ್ಲ ಮಂಡಿಯೂರಿ, ತಲೆ ತಗ್ಗಿಸಿ ಕೂತಿದ್ದರು. ಆ ಬೆನ್ನುಗಳ ನಡುವೆ ಬಿಳಿ ಬಟ್ಟೆಯ ಅಂಚು, ಮೂರು ಮೂಲೆಯ ದಿಂಬು. ದಿಂಬಿನ ಮೇಲೆ ಒಂದು ಕೈ. ಬಲಗೈ. ಅಂಗೈ ಮೇಲೆ ಮಾಡಿ ಸುಮ್ಮನೆ ಬಿದ್ದಿತ್ತು. ಅಣ್ಣ ಬೆಳ್ಳಿ ಬಟ್ಟಲಿನಿಂದ ಆ ಅಂಗೈಗೆ ನಿಧಾನವಾಗಿ ನೀರು ಹೊಯ್ಯುತ್ತಿದ್ದ. ಬೆರಳ ಸಂದಿಯಿಂದ ಇಳಿದ ನೀರಿನೊಡನೆ ಒಂದು ಮಲ್ಲಿಗೆ ದಿಂಬಿನ ಮೇಲೆ ಬಿತ್ತು. ಬೆರಳುಗಳು ಅಲುಗಲಿಲ್ಲ.

ಪಿಕುನ್ ಬೈಕು ನಿಲ್ಲಿಸಲಿಲ್ಲ, ಬಿಟ್ಟುಬಿಟ್ಟಳು. ಅದು ಚಪ್ಪಲಿಗಳ ಮೇಲೆ ದಡಾರನೆ ಉರುಳಿತು.

ಬೆನ್ನುಗಳೆಲ್ಲ ತಿರುಗಿದವು. ದಿಂಬಿನ ಮೇಲಿನ ಕೈ ಎದ್ದಿತು.

"ಯಾವಳೇ ಅದು, ನಾನು ಮನಸ್ಸಲ್ಲಿ ಮಂತ್ರ ಹೇಳ್ತಿರೋವಾಗ?" ಕಂಸಾಯ್ ಮುಚ್ಚಿದ್ದ ಕಣ್ಣು ಬಿಟ್ಟಳು. "ಓ. ಸಾಯಂಕಾಲ ಇಷ್ಟು ಬೇಗ ಆಯ್ತಾ? ಏನೇ ಇದು, ಮುಖಕ್ಕೆ ಗೋಡೆ ಸುಣ್ಣ ಬಳ್ಕೊಂಡು ಬಂದಿದ್ದೀಯ?"

ಪಿಕುನ್ ಚಾಪೆಯ ಮೇಲೆ ಮಂಡಿಯೂರಿ ಅಲ್ಲಿಂದಲೇ ತೆವಳಿ ಬಂದಳು. ಅವ್ವನ ಎಡಗೈ ಹಿಡಿದಳು. ಮಣಿಕಟ್ಟಿನ ಸುತ್ತ ಹದಿನೈದಿಪ್ಪತ್ತು ಎಳೆ ಬಿಳಿ ನೂಲು, ನೀರಲ್ಲಿ ನೆನೆದು ಹತ್ತಿಯ ಗಂಟಾಗಿತ್ತು. ಜೀವ ಮೈಬಿಟ್ಟು ಅಲೆಯದಿರಲೆಂದು ನೆಂಟರು ಬೆಳಗ್ಗೆ ಕಟ್ಟಿದ ನೂಲು. ಆ ಗಂಟಿನ ಮೇಲೆ, ಚರ್ಮಕ್ಕೆ ಎಲ್ಲಿಯೂ ತಾಗದೆ, ವಾಚು ಕೂತಿತ್ತು.

"ಇದರ ಮೇಲೆ ಯಾಕೆ ಕಟ್ಟಿದೆ ಅವ್ವಾ?"

"ಮತ್ತೆಲ್ಲಿ ಕಟ್ಲಿ? ನೂಲು ಮೂರು ದಿನ ಬಿಚ್ಚಂಗಿಲ್ಲ. ಇದನ್ನ ಯಾವತ್ತೂ ಬಿಚ್ಚಂಗಿಲ್ಲ ಅಂದೋಳು ನೀನು. ಒಂದು ತೂತು ಸಡಿಲ ಮಾಡಿ ಎರಡನ್ನೂ ಕೂರಿಸ್ದೆ."

"ಫೋನು? ಎಷ್ಟು ಸಲ ಮಾಡ್ದೆ!"

"ಬಡ್ಕೋತಾನೇ ಇತ್ತು. ಒತ್ತಿದೆ, ಉಜ್ಜಿದೆ, ಬೈದೆ. ಕೇಳ್ಲೇ ಇಲ್ಲ. ನೀನೇ ಹೇಳಿದ್ದೆ ಹನಿ ಚಿತ್ರ ಒತ್ತು ಅಂತ. ಒತ್ತಿದ್ದೆ. ಆಮೇಲೆ ಅದು ಯಾರ ಮಾತೂ ಕೇಳಲ್ಲ, ನಿನ್ನ ಹಂಗೆ."

ನೆಂಟರು ನಕ್ಕರು. ಸೆಂಗ್‌ದಾವ್ ಮಾತ್ರ ನಗದೆ ಹತ್ತಿರ ಬಂದು, ನಾದಿನಿಯ ಕೆನ್ನೆಯ ಲೇಪವನ್ನು ಹೆಗಲ ವಸ್ತ್ರದ ತುದಿಯಿಂದ ಒರೆಸಿದಳು. "ನಡುಗ್ತಿದ್ದೀಯಲ್ಲೇ ಪಿಕುನ್."

"ನೀರು ತಣ್ಣಗಿತ್ತು ಅತ್ತಿಗೆ."

ಅಣ್ಣ ಬಟ್ಟಲು ಅವಳ ಕೈಗೆ ಕೊಟ್ಟ. ಅವ್ವ ಎರಡೂ ಅಂಗೈ ಜೋಡಿಸಿ ಚಾಚಿದಳು. ಪಿಕುನ್ ನೀರು ಹೊಯ್ದಳು. ಅರ್ಧ ಅಂಗೈಗೆ ಬಿತ್ತು, ಅರ್ಧ ಚಾಪೆಗೆ. ಆಶೀರ್ವಾದ ಮುಗಿಯುವ ತನಕ ಅವಳು ಕಣ್ಣು ಮುಚ್ಚಲಿಲ್ಲ. ಅವ್ವನ ತುಟಿಗಳು ಅಲುಗುವುದನ್ನೇ ನೋಡುತ್ತಿದ್ದಳು.

ಆಮೇಲೆ ಅವಳೇ ವಾಚಿನ ಪಟ್ಟಿ ಬಿಚ್ಚಿದಳು. ಬರೀ ನೀರಲ್ಲಿ ತೊಳೆದು, ಒಣ ಬಟ್ಟೆಯ ಮೇಲೆ ಬೋರಲು ಇಟ್ಟಳು.

"ಬಿಚ್ಚಬಹುದಾ?" ಎಂದಳು ಅವ್ವ.

"ಸ್ವಲ್ಪ ಹೊತ್ತು."

ಅವ್ವ ಹೊಸದೊಂದೆಳೆ ನೂಲು ತೆಗೆದು ಮಗಳ ಕೈಗೆ ಕಟ್ಟತೊಡಗಿದಳು. ಇನ್ನೊಂದು ಕೈಯ ಎರಡು ಬೆರಳನ್ನು ಪಿಕುನ್ ಅವ್ವನ ಒದ್ದೆ ನೂಲಿನ ಗಂಟಿನಡಿಗೆ ತೂರಿಸಿ ತಡಕಿದಳು. ಸಿಕ್ಕಿತು. ಒಂದು. ಎರಡು. ಮೂರು. ನಾಲ್ಕನೆಯದು ಬರಲಿಲ್ಲ.

ಅವಳು ಉಸಿರಾಡಲಿಲ್ಲ.

ಬಂತು.

"ಕೈ ಅಲುಗಿಸ್ಬೇಡ ಕಣೇ, ಗಂಟು ಕೂರಲ್ಲ" ಎಂದಳು ಅವ್ವ. ಬಟ್ಟೆಯ ಮೇಲೆ ಬೋರಲು ಬಿದ್ದಿದ್ದ ವಾಚಿನ ಹೊಟ್ಟೆಯಲ್ಲಿ ಹಸಿರು ದೀಪ ಹತ್ತಿ ಆರುತ್ತ, ಹತ್ತಿ ಆರುತ್ತ, ಯಾರದಾದರೂ ಚರ್ಮ ಹುಡುಕುತ್ತಿತ್ತು. ಬೆರಳು ತೆಗೆಯದೆ ಪಿಕುನ್ ಮತ್ತೆ ಒಂದರಿಂದ ಎಣಿಸತೊಡಗಿದಳು.