ತಾಯಿ ಇಳಿದ ಲಾರಿ

ಲಾರಿಯ ಮುಂದಿನ ಕಂಬಿಗೆ ಕಟ್ಟಿದ್ದ ಮೂರು ಬಣ್ಣದ ಬಟ್ಟೆ ಕಾಣಿಸಲಿಲ್ಲ. ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದ ವಿರೋಟ್ ಅಲ್ಲೇ ನಿಂತುಬಿಟ್ಟ. ಗಾಳಿಗೆ ಹಾರಿಹೋಯಿತು ಅನ್ನೋಣವೆಂದರೆ ಅದೇನು ಗಾಳಿಗೆ ಬಿಚ್ಚುವ ಗಂಟೇ? ಹೊಸ ವರ್ಷದ ದಿನ ಅವನ ಹೆಂಡತಿ ಲಮಾಯ್ ಕಟ್ಟಿದ್ದು. ಅವಳು ಕಟ್ಟಿದ ಗಂಟನ್ನು ಬಿಚ್ಚಲು ಅವಳಿಗೇ ಆಗುತ್ತಿರಲಿಲ್ಲ.

ಬಗ್ಗಿ ನೋಡಿದ. ಬಂಪರಿನ ಕೆಳಗೆ ಒಡೆದ ಬಟ್ಟಲೊಂದರಲ್ಲಿ ಮರಳು, ಮರಳಲ್ಲಿ ಉರಿದು ಮುಗಿದ ಊದಿನಕಡ್ಡಿಯ ಮೂರು ಬುಡ. ಪಕ್ಕದಲ್ಲಿ ಕೆಂಪು ಸೋಡಾದ ಬಾಟಲಿ, ಅದಕ್ಕೆ ಹೀರುವ ಕೊಳವೆ, ಕೊಳವೆಯ ತುಂಬ ಇರುವೆ. ವಿರೋಟನ ಬಾಯಿಯ ಕಡ್ಡಿ ಕೆಳಗೆ ಬಿತ್ತು. ಗಾಡಿಯೊಳಗಿದ್ದು ಕಾಯುವ ಯಾ ನಾಂಗ್ ತಾಯಿಯನ್ನು ಗಾಡಿಗೆ ಕರೆಯುವಾಗಲೂ ಇದನ್ನೇ ಇಡುತ್ತಾರೆ, ಗುಜರಿಗೆ ಹಾಕುವ ಮುಂಚೆ ಗಾಡಿಯಿಂದ ಇಳಿದು ಹೋಗಮ್ಮಾ ಎಂದು ಕೈಮುಗಿಯುವಾಗಲೂ ಇದನ್ನೇ. ಬಟ್ಟೆ ಬಿಚ್ಚುವುದು ಮಾತ್ರ ಇಳಿಸುವಾಗ.

ಸರಬುರಿಯ ಈ ಕಲ್ಲುಕ್ವಾರಿಗೆ ಅವನು ಬಂದು ಮೂರು ದಿನವಾಗಿತ್ತು. ಸಿನಿಮಾದವರಿಗೆ ಹತ್ತು ಗಾಲಿಯ ನೀಲಿ ಲಾರಿ ಬೇಕಿತ್ತು. ವಿರೋಟನದು ಕ್ಯಾಮೆರಾದ ಮುಂದೆ ಓಡುವುದಕ್ಕೆ. ಅದರಂತೆಯೇ ಬಣ್ಣ ಬಳಿದ ಇನ್ನೊಂದು, ಇಂಜಿನ್ನೇ ಇಲ್ಲದ ಗುಜರಿ ಲಾರಿ, ಬಂಡೆಯ ತುದಿಯಿಂದ ಬಿದ್ದು ಉರಿಯುವುದಕ್ಕೆ. ಹಾಗೆಂದು ಮಾತಾಗಿತ್ತು. ಲಮಾಯ್‌ಗೆ ಮೊದಲ ದಿನದಿಂದಲೇ ಅನುಮಾನ. "ಅಷ್ಟು ನಯವಾಗಿ ಮಾತಾಡೋರನ್ನ ನಂಬಬೇಡ್ರಿ" ಎಂದು ತಾನೂ ಜೊತೆಗೆ ಹೊರಟು ಬಂದಿದ್ದಳು. ಬರದೆ ಉಳಿಯುವುದಾದರೂ ಎಲ್ಲಿ? ಹತ್ತೊಂಬತ್ತು ವರ್ಷದಿಂದ ಆ ಲಾರಿಯೇ ಅವರ ಅನ್ನ, ಸೀಟಿನ ಹಿಂದಿನ ಹಲಗೆಯೇ ಅವರ ಮನೆ.

ಆ ಸಿನಿಮಾಕ್ಕೆ ಕಥೆ ಅಂತ ಒಂದಿತ್ತೋ ಇಲ್ಲವೋ, ದೇವರಿಗೇ ಗೊತ್ತು. ನಿನ್ನೆ ವಿರೋಟ್ ಡೈರೆಕ್ಟರನ್ನೇ ಕೇಳಿದ್ದ.

"ಲಾರಿ ಓಡುತ್ತೆ, ಪೊಲೀಸರು ಅಟ್ಟಿಸ್ಕೊಂಡ್ ಬರ್ತಾರೆ, ಲಾರಿ ಬೀಳುತ್ತೆ, ಢಂ!" ಎಂದಿದ್ದ ಆತ.

"ಪೊಲೀಸರು ಯಾಕ್ ಸ್ವಾಮಿ ಅಟ್ಟಿಸ್ಕೊಂಡ್ ಬರ್ತಾರೆ?"

"ಯಾಕೆ ಅಂದ್ರೆ? ಲಾರಿ ಬೀಳಬೇಕಲ್ಲಪ್ಪಾ!"

ಸುತ್ತ ಇದ್ದವರೆಲ್ಲ ನಕ್ಕಿದ್ದರು. ವಿರೋಟನೂ ನಕ್ಕಿದ್ದ, ಪೆದ್ದ! ಈಗ ಒಂದೊಂದೇ ನೆನಪಾಯಿತು. ಬೆಳಿಗ್ಗೆ ಕ್ಯಾಬಿನ್ನಿನಲ್ಲಿದ್ದ ಬುದ್ಧನ ಬಿಲ್ಲೆಗಳನ್ನು "ಧೂಳು ಕೂರುತ್ತೆ" ಎಂದು ಯಾರೋ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟಿದ್ದರು. ಹಾಸಿಗೆ ಸುತ್ತಿ ಮರದ ಕೆಳಗೆ ಇಟ್ಟಿದ್ದರು. ಅವನ ಚಪ್ಪಲಿಯನ್ನು ಕೂಡ! ಎಂಥ ಮರ್ಯಾದಸ್ಥ ಜನ ಎಂದು ಅವನು ಹೆಂಡತಿಯ ಹತ್ತಿರ ಹೊಗಳಿಯೂ ಇದ್ದ.

ಸಾಹಸದವರ ಮುಖ್ಯಸ್ಥ ಥವಿನ್ ನೀರಿನ ಟ್ಯಾಂಕಿನ ಹತ್ತಿರ ಮುಖ ತೊಳೆಯುತ್ತಿದ್ದ. ಸಿನಿಮಾ ಸೇರುವ ಮೊದಲು ಅವನೂ ಲಾರಿ ಓಡಿಸಿದವನೇ. ವಿರೋಟ್ ನೆಟ್ಟಗೆ ಅವನ ಮುಂದೆ ಹೋಗಿ ನಿಂತ.

"ತಮ್ಮಾ, ನನ್ನ ಗಾಡಿಯಿಂದ ತಾಯೀನ ಇಳಿಸಿದ್ಯಾರು?"

ಥವಿನ್ ಟವೆಲಿನಿಂದ ಮುಖ ಒರೆಸಿದ. ಒರೆಸುತ್ತಲೇ ಇದ್ದ.

"ಆ ಗುಜರಿ ಗಾಡಿ ಬೆಳಿಗ್ಗೆ ಎಳೆಯುವಾಗ ಅಚ್ಚು ಮುರ್ಕೊಂಡು ಕೂತಿದೆ ಅಣ್ಣಾ. ಇನ್ನೊಂದು ತರೋಕೆ ಟೈಮಿಲ್ಲ ಅಂತಾರೆ. ನಾಲ್ಕು ಗಂಟೆಯ ಇಳಿಬಿಸಿಲೇ ಬೇಕಂತೆ ಅವರಿಗೆ."

"ಅದಕ್ಕೆ?"

"ನಿನ್ ಗಾಡಿ ಉರಿದ ಮೇಲೆ ದುಡ್ಡು ಕೊಟ್ಟು ಸಮಾಧಾನ ಮಾಡ್ತೀವಿ ಅಂದ್ರು. ಬೀಳಿಸೋ ಕೆಲಸ ನನ್ನ ಹುಡುಗರದು. ತಾಯಿ ಒಳಗಿರುವಾಗಲೇ ಬೆಂಕಿ ಇಟ್ರೆ ಆ ಪಾಪ ನಮ್ಮ ತಲೆಗೆ ತಾನೇ ಬರೋದು?"

"ಅಂದ್ರೆ ತಾಯೀನ ಕೇಳಿದ್ಯಲ್ಲ, ನನ್ನನ್ನ ಮಾತ್ರ ಕೇಳಲಿಲ್ಲ!" ವಿರೋಟ್ ನೆಲಕ್ಕೆ ಉಗಿದ. "ಥೂ ನಿನ್ನ!"

ಥವಿನ್ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಸಿಡಿಮದ್ದು ಇನ್ನೂ ಗಾಡಿಗೆ ಕಟ್ಟಿಲ್ಲ" ಎಂದ, ಬಂಡೆಯ ಕಡೆ ನೋಡುತ್ತಾ. "ಕೀ ಗಾಡಿಯಲ್ಲೇ ಇದೆ." ಅಷ್ಟು ಹೇಳಿ ಹೊರಟುಹೋದ. ಅವನು ಕನಿಕರದಿಂದ ಹೇಳಿದನೋ, ಇದರಲ್ಲೂ ಏನಾದರೂ ಕಿತಾಪತಿ ಇದೆಯೋ, ವಿರೋಟನಿಗೆ ತಿಳಿಯಲಿಲ್ಲ. ಇವತ್ತು ಯಾರನ್ನು ನಂಬುವುದು?

ಮರದ ಕೆಳಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದ ಲಮಾಯ್ ಗಂಡನ ಮುಖ ನೋಡಿದ್ದೇ ಎದ್ದಳು. ಅವನು ಎರಡೇ ಮಾತಿನಲ್ಲಿ ವಿಷಯ ಹೇಳಿದ. "ನಾನ್ ಹೇಳಿರಲಿಲ್ವಾ" ಎನ್ನಲು ಅವಳಿಗೆ ಪುರುಸೊತ್ತಿರಲಿಲ್ಲ. ಹಾಸಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, "ಹತ್ರೀ, ಏನ್ ನೋಡ್ತೀರಾ!" ಎಂದಳು.

ಹೊರಗೆ ಹೋಗುವ ದಾರಿ ಒಂದೇ, ಅದೂ ಕ್ಯಾಮೆರಾಗಳ ಮಧ್ಯೆ. ಇಂಜಿನ್ ಗುಡುಗಿದ ಕೂಡಲೇ ಎಲ್ಲರೂ ತಿರುಗಿದರು. "ಏಯ್, ಈಗಲ್ಲ!" ಎಂದು ಯಾರೋ ಕೈ ಬೀಸಿದರು. ವಿರೋಟ್ ಹಾರನ್ನನ್ನು ಒತ್ತಿ ಹಿಡಿದ. ಕೊಡೆಗಳು ಉರುಳಿದವು, ಖಾಲಿ ಡ್ರಮ್ಮುಗಳು ಎಗರಿ ಬಿದ್ದವು, ಡೈರೆಕ್ಟರನ ಕುರ್ಚಿ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. ಶಾಟ್ ಶುರುವಾಯಿತೆಂದು ತಿಳಿದ ನಕಲಿ ಪೊಲೀಸರು ಅರ್ಧ ತಿಂದ ಊಟ ಬಿಟ್ಟು ಜೀಪು ಹತ್ತಿ ಸೈರನ್ ಹಾಕಿಕೊಂಡು ಬೆನ್ನಟ್ಟಿದರು. ಧೂಳಿನ ಆಚೆ ಮೈಕಿನಲ್ಲಿ ಡೈರೆಕ್ಟರನ ಕಿರುಚಾಟ ಕೇಳಿಸಿತು. "ತೆಗೀರಿ, ತೆಗೀರಿ, ನಿಲ್ಲಿಸ್ಬೇಡಿ! ಭೇಷ್!" ಆಮೇಲೆ ಇನ್ನೂ ದೂರದಿಂದ, "ಇನ್ನೊಂದ್ಸಲ! ಇನ್ನೊಂದ್ಸಲ ಬಾರಪ್ಪಾ!"

"ನಿನ್ನಜ್ಜಿ ತಲೆ!" ಎಂದಳು ಲಮಾಯ್ ಕಿಟಕಿಯಿಂದ.

ನಕಲಿ ಪೊಲೀಸರು ಕ್ವಾರಿಯ ಗೇಟಿನ ತನಕ ಬಂದು, ಮುಂದೆ ಏನು ಮಾಡಬೇಕೆಂದು ಯಾರೂ ಹೇಳದೆ ಇದ್ದದ್ದರಿಂದ ನಿಂತುಕೊಂಡರು.

ಹೆದ್ದಾರಿ ಸೇರುವ ತಿರುವಿನಲ್ಲಿ ವಿರೋಟ್ ಬ್ರೇಕ್ ಒತ್ತಿದ. ಮುಂದೆ ಬಸ್ಸು, ಟ್ಯಾಂಕರುಗಳು ಭರ್ರೋ ಎಂದು ಹೋಗುತ್ತಿದ್ದವು. ಅವನ ಕೈ ಗೇರಿನ ಮೇಲೇ ಉಳಿಯಿತು.

"ಒಳಗೆ ಯಾರೂ ಇಲ್ಲ ಕಣೇ" ಎಂದ. "ಖಾಲಿ ಡಬ್ಬ ಓಡಿಸ್ತಾ ಇದೀನಿ."

ಲಮಾಯ್ ಇಳಿದಳು. ರಸ್ತೆ ಬದಿಯ ಮುದುಕಿಯಿಂದ ಒಂದು ಚಿಪ್ಪು ಬಾಳೆಹಣ್ಣು ಕೊಂಡು ಲಾರಿಯ ಮುಂದೆ ಹಿಡಿದು ನಿಂತಳು. "ಅಮ್ಮಾ, ಹೋಗು ಅಂದೋರು ನಾವಲ್ಲ. ನಮ್ಮ ಮೇಲೆ ಸಿಟ್ಟಾಗಬೇಡ. ಹತ್ತು ತಾಯಿ" ಎಂದು ಮೂರು ಸಲ ಹೇಳಿದಳು. ಕಣ್ಣಲ್ಲಿ ನೀರು ಬಂತು. ಹಿಂದಿನ ಗಾಡಿಯವನು ಹಾರನ್ ಹೊಡೆದ. ಅವಳು ಅವನನ್ನು ಬೈದು, ಹತ್ತಿ ಕೂತಳು.

"ಬಂದ್ಳೇನೇ?"

"ನನಗೇನ್ ಗೊತ್ತು? ಹೊರಡಿಸಿ ನೋಡಿ."

ವಿರೋಟ್ ಲಾರಿಯನ್ನು ಹೆದ್ದಾರಿಯ ಎಡಬದಿಗೆ ಇಳಿಸಿದ. ಎಂಬತ್ತಕ್ಕೆ ಕಡಿಮೆ ಓಡಿಸಿ ಗೊತ್ತಿಲ್ಲದವನು ಸೈಕಲ್ಲಿನ ವೇಗದಲ್ಲಿ ಹೊರಟ. ಎರಡೂ ಕಿಟಕಿ ತೆರೆದೇ ಇದ್ದವು. ಇಬ್ಬರೂ ಕಿವಿ ಇಂಜಿನ್ನಿಗೆ ಕೊಟ್ಟು ಕೂತಿದ್ದರು. ಲಮಾಯ್ ಮಡಿಲಲ್ಲಿ ತಾಯಿಗೆಂದು ಹಿಡಿದಿದ್ದ ಬಾಳೆಹಣ್ಣು ಹಾಗೇ ಇತ್ತು. ಹಸಿವಾಗಿದ್ದರೂ ಅವಳು ಒಂದನ್ನೂ ಮುರಿಯಲಿಲ್ಲ.