ಮೇಷ್ಟ್ರ ಮೂರು ಪಾಯಿಂಟು

ಕೋಣಂದೂರಿನ ಹೈಸ್ಕೂಲು ಮೇಷ್ಟ್ರು ಮುಕುಂದಯ್ಯನವರಿಗೆ ಬೆಳ್ಳಪ್ಪನ ಹೆಸರು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಖಾರ ಕಲಸಿದಂತಾಗುತ್ತಿತ್ತು. ಆಗಬಾರದೆ ಮತ್ತೆ? ಆರಿದ್ರೆ ನಕ್ಷತ್ರ ಯಾವುದು, ಅದರ ಬೆಳಕು ಹೇಗೆ ಏರಿಳಿಯುತ್ತದೆ ಎಂದು ಶಾಲೆಯ ಅಂಗಳದಲ್ಲಿ ಬೆರಳು ಚಾಚಿ ತೋರಿಸಿಕೊಟ್ಟವರು ಇವರು. ಅದೇ ಶಿಷ್ಯ ಈಗ ತುಮರಿ ಲಾಂಚಿನಲ್ಲಿ ಟಿಕೆಟ್ ಹರಿಯುತ್ತ, ಹಿನ್ನೀರಿನ ದಂಡೆಯಲ್ಲಿ ನಿಂತು ಅದೇ ನಕ್ಷತ್ರ ನೋಡಿ ಎಲ್ಲರಿಂದ ಭೇಷ್ ಅನ್ನಿಸಿಕೊಳ್ಳುತ್ತಿದ್ದ. ಇದು ಹೊಟ್ಟೆಕಿಚ್ಚು, ಬೇರೇನೂ ಅಲ್ಲ, ಮೇಷ್ಟ್ರಿಗೂ ಗೊತ್ತಿತ್ತು.

ನಕ್ಷತ್ರ ನೋಡುವ ಅವರ ಸಂಘದಲ್ಲಿ ಇವರಿಬ್ಬರೂ ಸೇರಿ ಇದ್ದವರು ಆರೇ ಜನ. ದುರ್ಬೀನು ಬೇಡ, ಬರಿಗಣ್ಣು ಸಾಕು. ಸಂಜೆ ಏಳರ ಹೊತ್ತಿಗೆ ಆರಿದ್ರೆಯನ್ನು ರೋಹಿಣಿಯೊಂದಿಗೆ ಹೋಲಿಸಿ ಅದರ ಹೊಳಪಿಗೊಂದು ಅಂಕಿ ಕೊಡಬೇಕು. ಹೊಳಪು ಹೆಚ್ಚಿದಷ್ಟೂ ಅಂಕಿ ಕಡಿಮೆ. ತಿಂಗಳ ಕೊನೆಗೆ ಅಂಕಿಗಳನ್ನೆಲ್ಲ ಕಾರ್ಡಿನಲ್ಲಿ ಬರೆದು ಸಾಗರದ ಕಾಲೇಜು ಲೆಕ್ಚರರ್ ಸೀತಾರಾಮಪ್ಪನವರಿಗೆ ಹಾಕಬೇಕು. ಅವರು ಆರೂ ಜನರದನ್ನು ಒಂದೇ ಹಾಳೆಯಲ್ಲಿ ಟೈಪು ಮಾಡಿಸಿ ಎಲ್ಲರಿಗೂ ಕಳಿಸುತ್ತಿದ್ದರು. ಆ ಹಾಳೆಯಲ್ಲಿ ಬೆಳ್ಳಪ್ಪ ಸದಾ ಸರಾಸರಿಯ ಆಸುಪಾಸು. ಮೇಷ್ಟ್ರು ಮಾತ್ರ ಮೂರು ವರ್ಷದಿಂದ ಸರಾಸರಿಗಿಂತ ಮೂರು ಪಾಯಿಂಟು ಕಡಿಮೆ, ಅಂದರೆ ಅವರ ಕಣ್ಣಿಗೆ ನಕ್ಷತ್ರ ಅಷ್ಟು ಹೆಚ್ಚಿಗೆ ಹೊಳೆಯುತ್ತಿತ್ತು.

ಎಂಬತ್ತರ ಡಿಸೆಂಬರಿನಲ್ಲಿ ಸಾಗರದಿಂದ ಕಾರ್ಡು ಬಂತು: ಮಾರ್ಚಿ ಸಭೆಯಲ್ಲಿ ಒಬ್ಬರ ಕಣ್ಣನ್ನು ಸಂಘದ ಅಳತೆಗೋಲು ಎಂದು ಆರಿಸಲಾಗುವುದು. ಮೇಷ್ಟ್ರು ಜನವರಿಯಿಂದ, ಸರಾಸರಿಗೆ ಹೊಂದಲೆಂದು, ತಮಗೆ ಕಂಡ ಅಂಕಿಗೆ ಮೂರು ಕೂಡಿಸಿ ಬರೆಯತೊಡಗಿದರು.

"ಹಂಗಾರೆ ಹೊರಗೆ ಹೋಗಿ ನೋಡೋದ್ಯಾಕೆ? ಒಳಗೇ ಕೂತ್ಕಂಡು ಬರೀಬಹುದಲ್ಲ," ಎಂದು ಹೆಂಡತಿ ಶಾಂತಮ್ಮ ಛೇಡಿಸಿದರು.

"ನಿಂಗೆ ಗೊತ್ತಾಗಲ್ಲ, ಸುಮ್ನಿರು," ಅಂದರು ಮೇಷ್ಟ್ರು.

ಸಭೆಯ ದಿನ ಸೀತಾರಾಮಪ್ಪ ಹಾಳೆಗಳನ್ನು ಹರಡಿಕೊಂಡು ಕೂತರು.

"ಕೆಂಪು ನಕ್ಷತ್ರ ಒಬ್ರಿಗೆ ಜಾಸ್ತಿ ಹೊಳೆಯುತ್ತೆ, ಒಬ್ರಿಗೆ ಕಮ್ಮಿ. ತಪ್ಪಿದ್ರೂ ಚಿಂತೆ ಇಲ್ಲ, ದಿನಾ ಅಷ್ಟೇ ತಪ್ಪಬೇಕು. ಆಗ ಅಷ್ಟನ್ನ ನಾನೇ ಕೂಡಿಸ್ಕಳ್ತೀನಿ. ಬೆಳ್ಳಪ್ಪ ಒಂದಿನ ಮೇಲೆ, ಒಂದಿನ ಕೆಳಗೆ. ಮುಕುಂದಯ್ಯನೋರದ್ದು ಮೂರು ವರ್ಷ ಮೂರೇ ಪಾಯಿಂಟು, ಒಂದಿನಾನೂ ಅಲುಗಾಡಿಲ್ಲ. ಅಳತೆಗೋಲಿಗೆ ಅವರ ಹೆಸರೇ ಬರ್ದಿಟ್ಟಿದ್ದೆ. ಜನವರಿಯಿಂದ ಆ ಮೂರು ಮಾಯ ಆಗಿದೆ. ಕಂಡಿದ್ದನ್ನೇ ಬರೆದ್ರಾ ಮೇಷ್ಟ್ರೇ?"

ಮೇಷ್ಟ್ರು ಹಾಳೆಯ ಮೇಲಿನ ತಮ್ಮ ಹೆಸರು ನೋಡಿದರು. ನಿಜ ಹೇಳಿದರೆ ಕಣ್ಣಿನ ಮಾನವಾದರೂ ಉಳಿಯುತ್ತಿತ್ತು. ಆದರೆ ಬೆಳ್ಳಪ್ಪ ಎದುರಿಗೇ ಕೂತಿದ್ದ.

"ಕಂಡಿದ್ದೇ ಬರ್ದಿದ್ದು," ಅಂದರು. "ಕಣ್ಣೇ ಕೆಟ್ಟಿರಬೇಕು."

ಸೀತಾರಾಮಪ್ಪ ನಿಟ್ಟುಸಿರು ಬಿಟ್ಟು ಆ ಹೆಸರು ಹೊಡೆದುಹಾಕಿ ಬೆಳ್ಳಪ್ಪನ ಹೆಸರು ಬರೆದರು.

ಬೆಳ್ಳಪ್ಪ ಹಿಗ್ಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಮೇಷ್ಟ್ರ ಚೀಲ ಹಿಡಿದು ಬಂದ. ಅಷ್ಟರಲ್ಲಿ ಕತ್ತಲಾಗಿತ್ತು. ಅವನು ಅವರ ಮೊಣಕೈ ಹಿಡಿದು ನಿಲ್ಲಿಸಿ ಬೆರಳು ಚಾಚಿದ.

"ನೆತ್ತಿ ಮೇಲೆ ನೋಡಿ ಮೇಷ್ಟ್ರೇ. ಅದೇ ಆರಿದ್ರೆ. ಕಾಣ್ತದಾ?"

ಮೇಷ್ಟ್ರಿಗೆ ಕಾಣುತ್ತಿತ್ತು, ಮೂರು ಪಾಯಿಂಟು ಹೆಚ್ಚಿಗೆ ಹೊಳೆಯುತ್ತ, ಎಂದಿನಂತೆಯೇ.

"ಇಲ್ಲ ಕಣೋ," ಅಂದರು. "ಬರೀ ಮಸುಕು."