ದಿಣ್ಣೆಹಳ್ಳಿ ಏರು

"ಹ್ಯಾಂಡಲಿಗೆ ಹೆಬ್ಬೆಟ್ಟು ಸುತ್ತಬ್ಯಾಡಿ ಪುಟ್ಟಸ್ವಾಮಣ್ಣ, ಕೈ ಮುರುದಾತು!"

ಕಾರಿನ ಮುಂದೆ ಬಗ್ಗಿ, ಇಂಜಿನ್ನು ಎಬ್ಬಿಸುವ ಹ್ಯಾಂಡಲು ಹಿಡಿದಿದ್ದ ಪುಟ್ಟಸ್ವಾಮಿ ತಲೆಯೆತ್ತಿದ. ಹೇಳಿದವಳು ನೀಲಗಂಗಮ್ಮ, ಬೆಳಗಿನ ಜಾವ ಗಂಡನನ್ನು ಕಳೆದುಕೊಂಡು ಜಗಲಿಯ ಕಂಬಕ್ಕೊರಗಿ ಕೂತಿದ್ದವಳು. ಪುಟ್ಟಸ್ವಾಮಿ ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸು ಓಡಿಸುವವನು. ಹೆಂಗಸಿನಿಂದ ಪಾಠ ಹೇಳಿಸಿಕೊಳ್ಳುವುದು ಅವನಿಗೆ ಹಿಡಿಸಲಿಲ್ಲ. ಆದರೂ ಹೆಬ್ಬೆಟ್ಟನ್ನು ಬಿಡಿಸಿಕೊಂಡು ಎಳೆದ. ಹ್ಯಾಂಡಲು ಕತ್ತೆಯ ಹಾಗೆ ಹಿಂದಕ್ಕೆ ಒದೆಯಿತು. ಕೈ ಉಳಿಯಿತು, ಕಾರು ಮಾತ್ರ ಎದ್ದೇಳಲಿಲ್ಲ.

"ಟಾಂಕಿ ಒಣಗೋಗದೆ ಕಣಕ್ಕ. ಪೆಟ್ರೋಲಿಲ್ದೆ ಇದೇನು ಬಾಯ್ಮಾತಿಗೆ ಓಡ್ತದಾ?"

ಕಾರಿನ ಯಜಮಾನ ಪಾಲಾಕ್ಷಯ್ಯ ಜಗಲಿಯ ಮೇಲೆ ಕೂತಿದ್ದ. ಮೈತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ವಾಲದಿರಲೆಂದು ಎದೆಗೆ ಬಿಳಿ ಪಂಚೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹದಿಮೂರು ವರ್ಷ ಕಾರು ಬಾಡಿಗೆಗೆ ಕರೆದವರ ಮನೆಬಾಗಿಲಲ್ಲಿ ಕಾದು ಕಾದು ಅಭ್ಯಾಸವಾದ ಮನುಷ್ಯ. ಇವತ್ತೂ ಚನ್ನರಾಯಪಟ್ಟಣದಿಂದ ಮಗಳು ಶಾಂತಕುಮಾರಿ ಬರುವ ತನಕ, ಮೂರು ಗಂಟೆಯವರೆಗೆ, ಒಂದು ಮಾತಾಡದೆ ಕಾದಿದ್ದ.

"ನಮ್ಮ ಸಂಪತ್ಕುಮಾರ ಹುಟ್ಟಿದ್ದೇ ಈ ಕಾರಿನ ಹಿಂದಿನ ಸೀಟಲ್ಲಿ," ಎಂದರು ಪಕ್ಕದ ಮನೆಯ ಶ್ರೀರಂಗಮ್ಮ, ಕಣ್ಣೊರೆಸಿಕೊಳ್ಳುತ್ತ. "ಹಾಸನದ ಆಸ್ಪತ್ರೆಗೆ ಹೊರಟಿದ್ವಿ, ದಾರೀಲೇ ಆಗೋಯ್ತು. ಮುಂದೆ ನೋಡ್ಕೊಂಡು ಕೂತ ಮನುಷ್ಯ ಒಂದು ಸಲವೂ ಹಿಂದೆ ತಿರುಗಲಿಲ್ಲ. ಆಮೇಲೆ 'ಗಂಡೋ ಹೆಣ್ಣೋ' ಅಂತ ಕೇಳೋಕೂ ನಾಚಿಕೆ ಅವರಿಗೆ."

ಕೂತವರಲ್ಲಿ ಒಂದಿಬ್ಬರು ನಕ್ಕರು. ಬೀದಿಯ ಆಚೆ, ಎತ್ತಿನ ಗಾಡಿಯ ಪಕ್ಕ ನಿಂತಿದ್ದ ದೊಡ್ಡಯ್ಯ ನಗಲಿಲ್ಲ. ಅವನು ಪಾಲಾಕ್ಷಯ್ಯನ ಅಣ್ಣ. ಅರಕಲಗೂಡು ರಸ್ತೆಯಲ್ಲಿ ಹತ್ತು ಮೈಲಿಯಾಚೆಯ ದಿಣ್ಣೆಹಳ್ಳಿಯಿಂದ, ಸುದ್ದಿ ಮುಟ್ಟಿದ ಕೂಡಲೇ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ತಮ್ಮನೊಡನೆ ಮಾತು ಬಿಟ್ಟು ಹದಿಮೂರು ವರ್ಷವಾಗಿತ್ತು.

"ಅಪ್ಪನ ಸಮಾಧಿ ಪಕ್ಕದಲ್ಲೇ ಗುಂಡಿ ತೋಡಿಸಿವ್ನಿ," ಎಂದ ದೊಡ್ಡಯ್ಯ. "ನನ್ ಗಾಡೀಲಿ ಬರ್ಲಿ. ಆ ತಗಡಿನ ಡಬ್ಬ ಮಾತ್ರ ನಮ್ಮೂರ ಏರು ಅತ್ತಕೂಡ್ದು. ಆವತ್ತೇ ಹೇಳಿವ್ನಿ, ಇವತ್ತೂ ಅದೇ ಮಾತು."

ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಬಿಸಿಲು ನೋಡಿದರು. "ಎತ್ತು ಹತ್ತು ಮೈಲಿ ನಡೆಯೋವೊತ್ಗೆ ಕತ್ತಲಾಯ್ತದೆ ದೊಡ್ಡಯ್ಯ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಇಲ್ಲಾಂದ್ರೆ ಇಲ್ಲೇ ಊರಾಚೆ ಮಾಡಿಬುಡಾನ."

ನೀಲಗಂಗಮ್ಮ ಕಂಬ ಬಿಟ್ಟು ನೆಟ್ಟಗೆ ಕೂತಳು. ಗಂಡ ಜೀವ ಬಿಡುವ ಮುಂಚೆ ಕೇಳಿದ್ದು ಒಂದೇ: ಅಪ್ಪನ ಪಕ್ಕ ಕೂರಿಸಿ. ಅವಳು ಎದ್ದು ಒಳಗೆ ಹೋದಳು. ರಾಗಿಯ ವಾಡೆಗೆ ಮೊಣಕೈವರೆಗೂ ಕೈ ತೂರಿಸಿ ಒಂದು ತಗಡಿನ ಟಿನ್ನು ಎಳೆದು ತಂದು ದೊಡ್ಡಯ್ಯನ ಮುಂದೆ ಇಟ್ಟಳು. ಭಾವನ ಮುಖ ನೋಡಿ ಮಾತಾಡಿದವಳಲ್ಲ. ಟಿನ್ನನ್ನೇ ನೋಡುತ್ತ ಹೇಳಿದಳು:

"ಇದು ನಿಮಗೇಂತ ಮಡಗಿದ್ದು ಭಾವ. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನು ಮಾಡಿದ್ರಲ್ಲ, ಆಗಿಂದ ಚೂರು ಚೂರೇ ಉಳಿಸ್ತಿದ್ರು. ಅಣ್ಣ ಒಂದಿನ ಕರೀತಾನೆ, ಆವತ್ತು ಪೆಟ್ರೋಲಿಲ್ಲ ಅಂತ ನಿಲ್ಲಬಾರ್ದು ಅಂತ."

"ಮೂರು ವರ್ಷದಿಂದ ನಮ್ಮನೆ ಮುದ್ದೆಯೆಲ್ಲ ಪೆಟ್ರೋಲು ವಾಸನೆ ದೊಡ್ಡಪ್ಪ," ಎಂದಳು ಶಾಂತಕುಮಾರಿ. ಅಳುತ್ತಲೇ ಹೇಳಿದಳು, ಹೇಳುತ್ತ ನಗು ಬಂತು.

"ನೀವು ಕರೀನಿಲ್ಲ," ಎಂದಳು ನೀಲಗಂಗಮ್ಮ.

ದೊಡ್ಡಯ್ಯ ಟಿನ್ನಿನ ಮೇಲೆ ಅಂಟಿದ್ದ ರಾಗಿ ಕಾಳುಗಳನ್ನು ನೋಡುತ್ತ ನಿಂತ. ಆಮೇಲೆ ಪುಟ್ಟಸ್ವಾಮಿಯ ಕಡೆ ತಿರುಗಿ, "ಉಯ್ಯಲಾ ಅತ್ಲಾಗೆ," ಎಂದ.

*

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಪಾಲಾಕ್ಷಯ್ಯ ಸಕಲೇಶಪುರದ ಕಾಫಿ ದೊರೆಯೊಬ್ಬನಿಂದ ಆ ಫೋರ್ಡು ಕಾರನ್ನು ಕೊಂಡ. ಅಮೆರಿಕದಿಂದ ಹಡಗಿನಲ್ಲಿ ಬಂದದ್ದು, ಕಪ್ಪು ಬಣ್ಣ, ಮಡಚುವ ಟಾಪು. ಕೊಂಡ ಮೂರನೆಯ ದಿನವೇ ಅಣ್ಣನಿಗೆ ಕಾಗದ ಬರೆದ: ಸೋಮವಾರ ಕಾರು ತರುತ್ತೇನೆ, ಇದು ಹತ್ತದ ದಿಬ್ಬ ಮೈಸೂರು ಸೀಮೆಯಲ್ಲೇ ಇಲ್ಲ.

ದೊಡ್ಡಯ್ಯ ಆ ಕಾಗದವನ್ನು ಊರಿನ ಐದು ಜನರ ಕೈಲಿ ಓದಿಸಿದ. ಸೋಮವಾರ ಹೊಸ ಪಂಚೆ ಉಟ್ಟು, ಹೆಂಡತಿಯ ಕೈಗೆ ಆರತಿ ತಟ್ಟೆ ಕೊಟ್ಟು, ತಾನು ತೆಂಗಿನಕಾಯಿ ಹಿಡಿದು ಏರಿನ ತಲೆಯಲ್ಲಿ ನಿಂತ. ಮುಂದಿನ ಗಾಲಿಗೆ ಕಾಯಿ ಒಡೆಯಬೇಕು, ತಮ್ಮನ ಹಣೆಗೆ ಕುಂಕುಮ ಇಡಬೇಕು. ಊರಿಗೆ ಊರೇ ಸೇರಿತ್ತು. ಕೆಳಗೆ ಧೂಳೆದ್ದಿತು, ಸದ್ದು ಕೇಳಿಸಿತು. ಆದರೆ ಮೇಲೆ ಬಂದದ್ದು ಕಾರಿನ ಮೂತಿಯಲ್ಲ, ಹಿಂಭಾಗ. ಅದರೊಳಗೆ ಕೂತ ತಮ್ಮನ ಬೆನ್ನು, ಪಕ್ಕದಲ್ಲಿ ಅವನ ಹೆಂಡತಿಯ ಬೆನ್ನು.

"ಇದೇನ್ಲಾ ದೊಡ್ಡಯ್ಯ," ಎಂದು ಕಿಸಕ್ಕನೆ ನಕ್ಕ ಸಣ್ಣಯ್ಯ. ಊರಿನಲ್ಲಿ ಯಾರ ಮಾನ ಕಳೆಯಬೇಕಾದರೂ ಅವನ ಬಾಯಿ ಸಾಕು. "ಮೋಟಾರು ಬಂದೇಟ್ಗೆ ನಿನ್ ತಮ್ಮ ನಿಂಗೇ ಕುಂಡಿ ತಿರುಗಿಸ್ಬುಟ್ನಲ್ಲ!"

ಊರೆಲ್ಲ ನಕ್ಕಿತು. ದೊಡ್ಡಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಕಾಯಿಯನ್ನು ಬೇಲಿಯಾಚೆ ಎಸೆದು, ಆ ತಗಡಿನ ಡಬ್ಬ ಇನ್ನೊಂದು ಸಲ ಈ ಏರು ಹತ್ತಿದರೆ ನಾನು ಮನುಷ್ಯನೇ ಅಲ್ಲ ಎಂದು ಕೂಗಿ, ಮನೆಗೆ ಹೋಗಿ ಕದ ಹಾಕಿಕೊಂಡ. ಇಳಿದು ಬಂದ ಪಾಲಾಕ್ಷಯ್ಯ ಕದದ ಮುಂದೆ ಎಷ್ಟೋ ಹೊತ್ತು ನಿಂತ. ನೇಗಿಲು ಬಿಟ್ಟು ಕಾರು ಹಿಡಿದದ್ದಕ್ಕೇ ಅಣ್ಣನಿಗೆ ಸಿಟ್ಟು ಎಂದುಕೊಂಡ. ಆಮೇಲೆ ಹೊರಟುಹೋದ. ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲವೇ, ಹಟವೂ ಒಂದೇ ಅಳತೆ.

*

ಹಿಂದಿನ ಸೀಟಿನ ನಡುವೆ ಪಾಲಾಕ್ಷಯ್ಯನನ್ನು ಕೂರಿಸಿದರು. ಹದಿಮೂರು ವರ್ಷದಲ್ಲಿ ಅವನು ಹಿಂದೆ ಕೂತದ್ದು ಅದೇ ಮೊದಲು. ಒಂದು ಬದಿಗೆ ನೀಲಗಂಗಮ್ಮ ಕೂತಳು. ಇನ್ನೊಂದು ಬದಿಗೆ ಗಟ್ಟಿ ಆಳು ಬೇಕಿತ್ತು, ಹೆಣ ವಾಲದಂತೆ ತಬ್ಬಿ ಹಿಡಿಯುವವರು. ಎಲ್ಲರೂ ದೊಡ್ಡಯ್ಯನನ್ನೇ ನೋಡಿದರು. ಅವನು ಗಾಡಿಯನ್ನೊಮ್ಮೆ, ಎತ್ತುಗಳನ್ನೊಮ್ಮೆ ನೋಡಿ, ಕೆರ ಬಿಟ್ಟು, ಗುಡಿಯೊಳಗೆ ಹೋಗುವವನ ಹಾಗೆ ಬರಿಗಾಲಲ್ಲಿ ಕಾರು ಹತ್ತಿದ. ಮುಂದೆ ಶಾಂತಕುಮಾರಿ, ಅಯ್ಯನವರು. ಈ ಸಲ ಎರಡೇ ಎಳೆತಕ್ಕೆ ಕಾರು ಎದ್ದಿತು. ಪುಟ್ಟಸ್ವಾಮಿ ಓಡಿ ಬಂದು ಸ್ಟೇರಿಂಗು ಹಿಡಿದು ಕೂತ.

ದೊಡ್ಡಯ್ಯ ತಮ್ಮನ ಸೊಂಟ ಬಳಸಿ ಹಿಡಿದು ಕೂತ. ಹಳ್ಳ ಬಂದಾಗೆಲ್ಲ ತಮ್ಮನ ತಲೆ ಅವನ ಭುಜಕ್ಕೆ ಬಡಿಯುತ್ತಿತ್ತು. ಮೊದಮೊದಲು ಸರಿಸಿ ನೇರ ಮಾಡುತ್ತಿದ್ದ. ಅರ್ಧ ದಾರಿ ಕಳೆದ ಮೇಲೆ ಸರಿಸುವುದನ್ನು ಬಿಟ್ಟ.

ದಿಣ್ಣೆಹಳ್ಳಿಯ ಏರು ಬಂದಾಗ ಬಿಸಿಲು ಕೆಂಪಗಾಗಿತ್ತು. ಮೇಲೆ ತಮಟೆ ಹೊಡೆಯುತ್ತಿದ್ದರು. ಕಾರು ಕಾಲುಭಾಗ ಹತ್ತಿತು, ಕೆಮ್ಮಿತು, ನಿಂತಿತು. ಪುಟ್ಟಸ್ವಾಮಿ ಬ್ರೇಕು ಒತ್ತಿ ಹಿಡಿದು ಜಾರಿಸಿ ಕೆಳಗಿಳಿಸಿದ. ಮತ್ತೆ ಹ್ಯಾಂಡಲು, ಮತ್ತೆ ಏರು, ಮತ್ತೆ ಅದೇ ಜಾಗದಲ್ಲಿ ಕೆಮ್ಮು. ಮುಂದಿನ ಸೀಟೆತ್ತಿ ಟಾಂಕಿಗೆ ಕಡ್ಡಿ ಹಾಕಿ ನೋಡಿದ.

"ಇನ್ನೂ ಎರಡು ಬೆರಳು ಪೆಟ್ರೋಲದೆ. ಇದಕ್ಕೇನ್ ದೆವ್ವ ಬಡೀತು?"

"ಹೊತ್ತಾಯ್ತು," ಎಂದರು ಅಯ್ಯನವರು.

"ತಿರುಗಿಸ್ಕಳಿ ಪುಟ್ಟಸ್ವಾಮಣ್ಣ," ಎಂದಳು ನೀಲಗಂಗಮ್ಮ. "ಈ ಏರ ಹಿಂದುಹಿಂದ್ಕೇ ಅತ್ತಿಸ್ಬೇಕು. ಟಾಂಕಿ ಸೀಟಿನ ಕೆಳಗದೆ ನೋಡಿ. ಪೆಟ್ರೋಲು ತಾನಾಗೇ ಇಳ್ದು ಇಂಜಿನ್ನಿಗೆ ಓಗ್ಬೇಕು. ಮೂತಿ ಮೇಲಾದ್ರೆ ಎಲ್ಲಿ ಇಳೀತದೆ? ಅವರು ಆವತ್ತೂ ಅಂಗೇ ಅತ್ತಿಸಿದ್ದು."

ದೊಡ್ಡಯ್ಯ ತಟ್ಟನೆ ತಿರುಗಿದ.

"ಏನಂದೆ?"

"ಟಾಂಕಿ ತುಂಬಿದ್ರೆ ಇಂಥಾ ಏರು ಅತ್ತದೆ. ಕಮ್ಮಿ ಇದ್ರೆ ಹಿಂಗೇ. ಆವತ್ತೂ ಕಮ್ಮಿ ಇತ್ತು. ಕೆಳಗೆ ಮೂರು ಸಲ ನಿಂತೋಯ್ತು ಭಾವ. ಹತ್ತದ ದಿಬ್ಬವೇ ಇಲ್ಲ ಅಂತ ಅಣ್ಣಂಗೆ ಬರ್ದಿವ್ನಿ, ಇದ ಯಾರ್ಗೂ ಹೇಳಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡ್ರು."

"ಅಂಗಾರೆ ಅವನು... ನಂಗೆ ಬೆನ್ನು ತೋರ್ಸಕೆ ಅಂತ ಬಂದಿದ್ದಲ್ವಾ?"

ನೀಲಗಂಗಮ್ಮ ಮೊದಲ ಸಲ ಭಾವನ ಮುಖವನ್ನು ನೇರವಾಗಿ ನೋಡಿದಳು. "ಅಯ್ಯೋ ಶಿವನೇ! ನೀವು ಕದ ಹಾಕ್ಕಂಡಿದ್ದು ಅದಕ್ಕಾ? ದಾರಿಯುದ್ದಕ್ಕೂ ಅಣ್ಣ ಏನಂತಾನೆ, ಅಣ್ಣ ಏನಂತಾನೆ ಅಂತ ಒಂದೇ ಸಮ ಬಡ್ಕಂಡು ಬಂದ್ರಲ್ಲ!"

ದೊಡ್ಡಯ್ಯ ತಮ್ಮನ ವಿಭೂತಿ ಬಳಿದ ಮುಖವನ್ನು ನೋಡಿದ. ಅಳು ಬರುತ್ತದೆಂದುಕೊಂಡರೆ ಬಂದದ್ದು ನಗು.

"ಲೇ ಕಳ್ಳನನ್ಮಗನೇ," ಎಂದ, ಹೆಣದ ಭುಜ ಅಲುಗಿಸಿ. "ಅತ್ತಲ್ಲ ಅಂತ ಒಂದ್ ಮಾತು ಹೇಳಕೆ ಏನಾಗಿತ್ಲಾ ನಿಂಗೆ ದೊಡ್ರೋಗ? ನಾನೇ ತಳ್ತಿರ್ನಿಲ್ವಾ?" ನಗುತ್ತ ನಗುತ್ತ ಕಣ್ಣಲ್ಲಿ ನೀರು ಸುರಿಯಿತು. ಹದಿಮೂರು ವರ್ಷ ಹೊತ್ತಿದ್ದ ಮೂಟೆ ಇಳಿಸಿದ ಹಾಗೆ ಮೈ ಹಗುರವಾಯಿತು. ಅಯ್ಯನವರು ಕೂಡ ಮುಖ ತಿರುಗಿಸಿಕೊಂಡು ನಕ್ಕರು.

ಪುಟ್ಟಸ್ವಾಮಿ ಕಾರು ತಿರುಗಿಸಿ, ಹಿಂದಕ್ಕೆ ಓಡಿಸುವ ನಡುವಿನ ಪೆಡಲು ಒತ್ತಿದ. ಕಾರು ಒಂದು ಸಲವೂ ಕೆಮ್ಮದೆ ಹಿಂದುಹಿಂದಕ್ಕೆ ಏರತೊಡಗಿತು.

ಏರಿನ ತಲೆಯಲ್ಲಿ ಜನ ತಮಟೆ ನಿಲ್ಲಿಸಿ ನೋಡಿದರು. ಈಗ ಹಲ್ಲೆಲ್ಲ ಉದುರಿದ್ದ ಸಣ್ಣಯ್ಯ ತೆಂಗಿನಕಾಯಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದ.

"ಇದೇನ್ಲಾ ದೊಡ್ಡಯ್ಯ, ನೀನೂವೆ ಇಂಗೇ ಬತ್ತಾ ಇದೀಯಾ?"

"ಊಂ ಕಣ್ಲಾ," ಎಂದ ದೊಡ್ಡಯ್ಯ, ಹಿಂತಿರುಗಿ ನೋಡದೆ. "ಕಾಯಿ ಒಡಿ. ಹಿಂದಿನ ಗಾಲಿಗೇ ಒಡಿ."

ಕಾಯಿ ಒಡೆದ ಸದ್ದಾಯಿತು. ಕಾಯಿನೀರು ಗಾಲಿಯ ಧೂಳಿನ ಮೇಲೆ ಹರಿಯಿತು. ಮಡಚಿದ ಟಾಪಿನ ಮೇಲೆ ಊರಿನವರಿಗೆ ಕಂಡದ್ದು ನೀಲಗಂಗಮ್ಮನ ಪಕ್ಕದಲ್ಲಿ ಎರಡು ಬೆನ್ನು, ಒಂದರ ಹೆಗಲ ಮೇಲೆ ಇನ್ನೊಂದರ ಕೈ.